ವೈಡೂರ್ಯದ ಗುಡಿಯಲ್ಲಿ ಒಂಬತ್ತು ಅಮಿತಾಭರು

ಬಸ್ಸಿಳಿದು ನಿಂತಾಗ ದೇವಸ್ಥಾನ ಎಲ್ಲಿದೆ ಅಂತಲೇ ತಿಳಿಯಲಿಲ್ಲ. ಒಂದೆರಡು ಊಟದ ಅಂಗಡಿ, ನಾಲ್ಕಾರು ಹೆಂಚಿನ ಮನೆ, ಅವುಗಳ ಹಿಂದೆ ತರಕಾರಿ ಹಿತ್ತಿಲು, ಅದರಾಚೆ ಗುಡ್ಡ. ನನ್ನ ಜೊತೆ ಇಳಿದ ಅಜ್ಜ ಒಬ್ಬರು ತಮ್ಮ ಕೈಚೀಲ ಹಿಡಿದು ಯಾವುದೋ ಸಂದಿ ಹೊಕ್ಕು ಮಾಯವಾದರು. ನಾನು ರಸ್ತೆಯಲ್ಲೇ ಮುಂದಕ್ಕೆ ನಡೆದೆ. ಐದು ನಿಮಿಷ ನಡೆದ ಮೇಲೆ ಬರೀ ಗದ್ದೆ ಕಾಣತೊಡಗಿತು. ಮತ್ತೆ ವಾಪಸ್ ಬಂದು ನೋಡಿದರೆ ಬಸ್ ನಿಲ್ದಾಣದ ಹತ್ತಿರವೇ ಒಂದು ಕಿರುದಾರಿ, ಎರಡೂ ಕಡೆ ಪೊದೆ, ಅದರ ಕೊನೆಯಲ್ಲಿ ಹಳ್ಳಿಮನೆಯ ಹೊರಬಾಗಿಲಿನಷ್ಟೇ ದೊಡ್ಡದಾದ ಒಂದು ಬಾಗಿಲು. ಅದೇ ಜೋರುರಿಜಿ.

ನಾಚಿಕೆಪಟ್ಟುಕೊಳ್ಳುವುದು ಬೇಡ ಅಂತ ಆಮೇಲೆ ಗೊತ್ತಾಯಿತು. ಜಪಾನಿ ಲೇಖಕ ಹೋರಿ ತತ್ಸುವೋ 1943ರ ವಸಂತದಲ್ಲಿ ಹೆಂಡತಿಯ ಜೊತೆ ಇಲ್ಲಿಗೆ ಬಂದಿದ್ದರು. ಅವರೂ ಇದು ಗುಡಿಯ ಬಾಗಿಲು ಅಂತ ಗುರುತಿಸದೆ ದಾಟಿ ಹೋಗುವುದರಲ್ಲಿದ್ದರಂತೆ. ಅವರು ಬರೆದ ಪ್ರಬಂಧದಿಂದಾಗಿಯೇ ಈ ಗುಡಿಯ ಹೆಸರು ಜಪಾನಿನ ಓದುಗರಿಗೆಲ್ಲ ಪರಿಚಯ. ದಾರಿಯ ಪಕ್ಕದ ಆ ಪೊದೆಗಳು ಅಸೆಬಿ ಅನ್ನುವ ಗಿಡ, ಬಿಳಿಯ ಸಣ್ಣ ಸಣ್ಣ ಗಂಟೆಯಂಥ ಹೂಗೊಂಚಲು. ಜಪಾನಿಯಲ್ಲಿ ಇದನ್ನು 'ಕುದುರೆ, ಅಮಲು, ಮರ' ಅನ್ನುವ ಮೂರು ಅಕ್ಷರಗಳಲ್ಲಿ ಬರೆಯುತ್ತಾರೆ. ಎಲೆಯಲ್ಲಿ ವಿಷ ಇದೆ, ತಿಂದ ಕುದುರೆ ತೂರಾಡುತ್ತದೆ ಅಂತ. ನಾರಾ ಊರಿನ ಜಿಂಕೆಗಳು ಕಂಡದ್ದನ್ನೆಲ್ಲ ಮೇಯುತ್ತವೆ, ಇದನ್ನು ಮಾತ್ರ ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿನ ಉದ್ಯಾನದಲ್ಲೂ ಇದು ಯಥೇಚ್ಛ.

ಆವತ್ತು 2024ರ ಏಪ್ರಿಲ್ 9. ಜಪಾನಿಗೆ ಜಪಾನೇ ಚೆರ್ರಿ ಹೂ ನೋಡಲು ಹೊರಟಿತ್ತು. ಕ್ಯೋತೋದಲ್ಲಿ ಕಾಲಿಡಲು ಜಾಗವಿಲ್ಲ ಅಂತ ಹೆದರಿಯೇ ನಾನು ರಜೆ ಹಾಕಿ ಈ ಕಡೆ ಬಂದಿದ್ದು. ಇದು ಆಡಳಿತದ ಲೆಕ್ಕದಲ್ಲಿ ಕ್ಯೋತೋ ಪ್ರಾಂತ್ಯದ ದಕ್ಷಿಣದ ತುದಿ. ಆದರೆ ಕ್ಯೋತೋ ನಗರ ಇಲ್ಲಿಂದ ದೂರ, ನಾರಾ ಹತ್ತಿರ. ಕಾಮೋ ಅನ್ನುವ ಸಣ್ಣ ರೈಲು ನಿಲ್ದಾಣದಿಂದ ಇಪ್ಪತ್ತು ನಿಮಿಷ ಗುಡ್ಡ ಹತ್ತುವ ಪುಟ್ಟ ಬಸ್ಸು. ಆ ಕಾಮೋ ಕೂಡ ಸಾಮಾನ್ಯದ ಊರಲ್ಲ, 740ರಿಂದ 744ರವರೆಗೆ ನಾಲ್ಕು ವರ್ಷ ಜಪಾನಿನ ರಾಜಧಾನಿಯಾಗಿತ್ತು! ಚಕ್ರವರ್ತಿ ಶೋಮು ಇಲ್ಲಿ ಕುನಿ ಅನ್ನುವ ಹೊಸ ಪಟ್ಟಣ ಕಟ್ಟಲು ಹೊರಟು, ಮುಗಿಯುವ ಮೊದಲೇ ಬಿಟ್ಟು ಹೋದ. ರಾಜಧಾನಿ ಕೈಬಿಟ್ಟ ಊರು ಅಂತ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾಗಿಲು ದಾಟಿದರೆ ಒಂದು ಕೆರೆ. ಕೆರೆ ಅಂದರೆ ದೊಡ್ಡದೇನಲ್ಲ, ಸುತ್ತಿ ಬರಲು ಹತ್ತು ನಿಮಿಷವೂ ಬೇಡ. ಪೂರ್ವದ ದಡದಲ್ಲಿ ಮರಗಳ ನಡುವೆ ಕೆಂಪು ಬಣ್ಣದ ಮೂರಂತಸ್ತಿನ ಗೋಪುರ. ಪಶ್ಚಿಮದ ದಡದಲ್ಲಿ ಉದ್ದನೆಯ, ತಗ್ಗು ಸೂರಿನ ಮಂಟಪ. ಇಷ್ಟೇ ದೇವಸ್ಥಾನ. ಆದರೆ ಈ ಎರಡು ದಡಗಳಿಗೆ ಒಂದು ಅರ್ಥ ಇದೆ. ಪೂರ್ವದ ಗೋಪುರದಲ್ಲಿ ಇರುವವನು ಯಾಕುಶಿ, ಅಂದರೆ ಸಂಸ್ಕೃತದ ಭೈಷಜ್ಯಗುರು, ರೋಗ ವಾಸಿ ಮಾಡುವ ಬುದ್ಧ. ಅವನ ಲೋಕ ಮೂಡಣದಲ್ಲಿದೆ, ಅಲ್ಲಿಯ ನೆಲವೆಲ್ಲ ವೈಡೂರ್ಯ. ಪಶ್ಚಿಮದ ಮಂಟಪದಲ್ಲಿ ಇರುವವನು ಅಮಿಡಾ, ನಮ್ಮ ಅಮಿತಾಭ. ಅವನ ಸುಖಾವತಿ ಪಡುವಣದಲ್ಲಿ, ಸೂರ್ಯ ಮುಳುಗುವ ಕಡೆ. ನಡುವಿನ ಕೆರೆ ಈ ಲೋಕಕ್ಕೂ ಆ ಲೋಕಕ್ಕೂ ಇರುವ ಅಂತರ. ಮೊದಲು ಗೋಪುರದ ಎದುರು ನಿಂತು ಯಾಕುಶಿಗೆ ಕೈಮುಗಿದು, ಆಮೇಲೆ ಹಿಂದಕ್ಕೆ ತಿರುಗಿ, ನೀರಿನಾಚೆಗೆ ಅಮಿಡಾನನ್ನು ನೋಡಿ ಕೈಮುಗಿಯುವುದು ಇಲ್ಲಿಯ ಕ್ರಮ. ಹುಟ್ಟಿದ್ದು ಈ ದಡ, ಹೋಗಬೇಕಾದ್ದು ಆ ದಡ.

ಹೆಸರಿನ ವಿಷಯ ಹೇಳಿಬಿಡುತ್ತೇನೆ. 'ಜೋ' ಅಂದರೆ ಶುದ್ಧ, 'ಜಿ' ಅಂದರೆ ದೇವಾಲಯ. ನಡುವಿನ 'ರುರಿ' ನಮ್ಮ ವೈಡೂರ್ಯವೇ. ಸಂಸ್ಕೃತದ ವೈಡೂರ್ಯ ಚೀನಿಯರ ಬಾಯಲ್ಲಿ ಸವೆದು, ಮೊದಲ ಅಕ್ಷರ ಉದುರಿ, ಕಡಲು ದಾಟಿ ರುರಿ ಆಯಿತು. ಜಪಾನಿ ಗೊಂಬೆಯಾಟಕ್ಕೆ ಹಾಡುವ ಕಥಾಗಾಯನಕ್ಕೂ ಜೋರುರಿ ಅನ್ನುತ್ತಾರೆ. ಯಾಕುಶಿಗೆ ಹರಕೆ ಹೊತ್ತು ಹುಟ್ಟಿದ ಜೋರುರಿ ಎಂಬ ಹುಡುಗಿಯ ಕಥೆಯಿಂದ ಆ ಕಲೆಗೆ ಹೆಸರು ಬಂತು. ಒಂದು ಹರಳಿನ ಹೆಸರು ಎಲ್ಲೆಲ್ಲಿ ಹೋಗಿ ಕೂತಿದೆ ನೋಡಿ.

ನನ್ನ ಅದೃಷ್ಟಕ್ಕೆ ಗೋಪುರದ ಬಾಗಿಲು ಮುಚ್ಚಿತ್ತು. ತಿಂಗಳ 8ನೇ ತಾರೀಖು, ಅದೂ ಹವೆ ಚೆನ್ನಾಗಿದ್ದರೆ, ಯಾಕುಶಿಯ ದರ್ಶನ. ನಾನು ಹೋಗಿದ್ದು 9ಕ್ಕೆ! ಮೊದಲೇ ವಿಚಾರಿಸಿಕೊಂಡು ಹೋಗುವ ಬುದ್ಧಿ ನನಗೆ ಯಾವತ್ತೂ ಇಲ್ಲ. ಮುಚ್ಚಿದ ಬಾಗಿಲಿಗೇ ಕೈಮುಗಿದು ತಿರುಗಿದೆ.

ಈಗ ಪಶ್ಚಿಮದ ಮಂಟಪಕ್ಕೆ ಬರೋಣ. ಇಡೀ ಕಥೆ ಇರುವುದು ಅಲ್ಲಿ.

ಪಕ್ಕದ ಕಿಟಕಿಯಲ್ಲಿ ಟಿಕೆಟ್ ಕೊಂಡು, ಚಪ್ಪಲಿ ಬಿಟ್ಟು, ಹಿಂದಿನಿಂದ ಸುತ್ತಿ ಒಳಗೆ ಹೋಗಬೇಕು. ಒಳಗೆ ಕತ್ತಲೆ. ಕಾಲಿಗೆ ಹಲಗೆಯ ತಣ್ಣನೆ ತಾಗುತ್ತದೆ. ಕಣ್ಣು ಹೊಂದಿಕೊಳ್ಳುತ್ತಾ ಹೋದ ಹಾಗೆ ಒಂದು, ಎರಡು, ಮೂರು... ಸಾಲಾಗಿ ಒಂಬತ್ತು ಅಮಿತಾಭರು ಕೂತಿದ್ದಾರೆ. ನಡುವಿನವನು ಎರಡೂಕಾಲು ಮೀಟರಿನಷ್ಟು ಎತ್ತರ. ಅಕ್ಕಪಕ್ಕ ನಾಲ್ಕು ನಾಲ್ಕು, ಸುಮಾರು 140 ಸೆಂಟಿಮೀಟರಿನವರು. ಎಲ್ಲ ಮರದವು, ಮೇಲೆ ಚಿನ್ನದ ಲೇಪ. ಮೊದಲ ನೋಟಕ್ಕೆ ಒಂಬತ್ತೂ ಒಂದೇ ಥರ. ಹತ್ತು ನಿಮಿಷ ಕೂತರೆ ಒಂದರ ಮುಖ ಇನ್ನೊಂದರಂತಿಲ್ಲ ಅಂತ ಗೊತ್ತಾಗುತ್ತದೆ. ಒಬ್ಬರಿಗೆ ಕೆನ್ನೆ ತುಸು ಉಬ್ಬು, ಇನ್ನೊಬ್ಬರು ಸ್ವಲ್ಪ ದಣಿದವರಂತೆ. ನಾನು ಒಳಗಿದ್ದ ಮುಕ್ಕಾಲು ಗಂಟೆಯಲ್ಲಿ ಬಂದವರು ಮೂರೇ ಜನ.

ಒಂಬತ್ತು ಯಾಕೆ? ಸುಖಾವತಿಯಲ್ಲಿ ಹುಟ್ಟುವವರಲ್ಲಿ ಒಂಬತ್ತು ದರ್ಜೆ ಇದೆ ಅಂತ ಒಂದು ಸೂತ್ರ ಹೇಳುತ್ತದೆ. ಮೇಲಿನವರಲ್ಲಿ ಮೂರು, ನಡುವಿನವರಲ್ಲಿ ಮೂರು, ಕೆಳಗಿನವರಲ್ಲಿ ಮೂರು. ಜೀವನವಿಡೀ ಪಾಪ ಮಾಡಿ ಸಾಯುವ ಗಳಿಗೆಯಲ್ಲಿ ಹೆಸರು ಕರೆದವನಿಗೂ ಒಂಬತ್ತನೆಯ ಜಾಗ ಉಂಟು. ಒಬ್ಬೊಬ್ಬರನ್ನು ಕರೆದೊಯ್ಯಲು ಒಬ್ಬೊಬ್ಬ ಅಮಿಡಾ.

ಇದರ ಹಿಂದೆ ಒಂದು ದೊಡ್ಡ ಭಯವೂ ಇತ್ತು. ಬುದ್ಧ ತೀರಿಕೊಂಡು ಎರಡು ಸಾವಿರ ವರ್ಷದ ನಂತರ ಧರ್ಮ ಕ್ಷೀಣಿಸಿ, ಯಾರು ಏನು ಸಾಧನೆ ಮಾಡಿದರೂ ಫಲ ಸಿಗದ ಕಾಲ ಬರುತ್ತದೆ ಎಂದು ಜಪಾನಿಯರು ನಂಬಿದ್ದರು. ಅದಕ್ಕೆ ಮಪ್ಪೋ ಅನ್ನುತ್ತಾರೆ, ನಮ್ಮ ಕಲಿಗಾಲದ ಹತ್ತಿರದ ನೆಂಟ ಅನ್ನಬಹುದು. ಅವರ ಲೆಕ್ಕದಲ್ಲಿ ಮಪ್ಪೋ ಶುರುವಾಗುವ ವರ್ಷ 1052. ಜೋರುರಿಜಿ ಸ್ಥಾಪನೆಯಾದದ್ದು 1047ರಲ್ಲಿ, ಕೊನೆಗಾಲಕ್ಕೆ ಐದು ವರ್ಷ ಬಾಕಿ ಇದ್ದಾಗ.

ಆ ಭಯದಲ್ಲಿ ಕ್ಯೋತೋದ ದೊಡ್ಡವರು ಒಬ್ಬರಿಗಿಂತ ಒಬ್ಬರು ಮಿಗಿಲಾಗಿ ಒಂಬತ್ತು ಅಮಿಡಾಗಳ ಮಂಟಪ ಕಟ್ಟಿಸಿದರು. ಶುರು ಮಾಡಿದವನು ಫುಜಿವಾರಾ ನೊ ಮಿಚಿನಾಗಾ. ಚಕ್ರವರ್ತಿ ಹೆಸರಿಗೆ ಮಾತ್ರ, ದೇಶ ಆಳುತ್ತಿದ್ದವನು ಇವನು. ಹೆಣ್ಣುಮಕ್ಕಳನ್ನು ಒಬ್ಬರಾದ ಮೇಲೊಬ್ಬರಂತೆ ಚಕ್ರವರ್ತಿಗಳಿಗೆ ಮದುವೆ ಮಾಡಿಕೊಟ್ಟು ಅಧಿಕಾರವನ್ನು ಮನೆಯೊಳಗೇ ಇಟ್ಟುಕೊಂಡಿದ್ದವನು. 1020ರಲ್ಲಿ ಮಂಟಪ ಕಟ್ಟಿಸಿದ. ಸಾಯುವಾಗ ಆ ಒಂಬತ್ತು ವಿಗ್ರಹಗಳ ಕೈಗೆ ಕಟ್ಟಿದ ದಾರಗಳ ತುದಿಯನ್ನು ತನ್ನ ಕೈಯಲ್ಲಿ ಹಿಡಿದು ಮಲಗಿದ್ದ ಎಂದು ಆ ಕಾಲದ ಕಥನ ಹೇಳುತ್ತದೆ. ಅಷ್ಟು ಅಧಿಕಾರ ಇದ್ದವನಿಗೂ ಕೊನೆಗೆ ಒಂದು ದಾರದ ಆಸರೆ ಬೇಕಾಯಿತು. ಆ ದೇವಾಲಯ 1058ರಲ್ಲಿ ಸುಟ್ಟು ಹೋಯಿತು.

ಅವನ ನಂತರ ಚಕ್ರವರ್ತಿ ಶಿರಕಾವಾ ಕಟ್ಟಿಸಿದ ಹೋಶ್ಶೋಜಿ ಇನ್ನೂ ದೊಡ್ಡದು. ಒಂಬತ್ತು ಅಮಿಡಾಗಳ ಜೊತೆಗೆ ಎಂಟು ಮೂಲೆಯ, ಒಂಬತ್ತು ಅಂತಸ್ತಿನ, ಸುಮಾರು 80 ಮೀಟರ್ ಎತ್ತರದ ಗೋಪುರ. ಈಗ ಆ ಜಾಗದಲ್ಲಿ ಏನಿದೆ ಗೊತ್ತಾ? ಕ್ಯೋತೋದ ಮೃಗಾಲಯ. ಗೋಪುರದ ತಳಪಾಯ 2010ರಲ್ಲಿ ಅಲ್ಲಿ ಅಗೆದಾಗ ಸಿಕ್ಕಿತು. ಹೀಗೆ ರಾಜರು, ರಾಣಿಯರು, ಸಾಹುಕಾರರು ಕಟ್ಟಿಸಿದ ಒಂಬತ್ತು ಅಮಿಡಾ ಮಂಟಪಗಳು ಸುಮಾರು 30 ಇದ್ದವಂತೆ. ಬೆಂಕಿ, ಯುದ್ಧ, ಮತ್ತೆ ಬೆಂಕಿ. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಕ್ಯೋತೋದ ಬಹುಭಾಗ ಬೂದಿಯಾಯಿತು. ಆ ಮೂವತ್ತರಲ್ಲಿ ಮಂಟಪವೂ ವಿಗ್ರಹಗಳೂ ಕೂಡಿ ಉಳಿದಿರುವುದು ಒಂದೇ ಒಂದು. ಮಿಚಿನಾಗಾನದ್ದಲ್ಲ, ಶಿರಕಾವಾನದ್ದಲ್ಲ. ತರಕಾರಿ ಹಿತ್ತಿಲುಗಳ ಹಿಂದೆ ಅಡಗಿ ಕೂತಿರುವ ಇದು.

ಇದನ್ನು ಕಟ್ಟಿಸಿದ್ದು ಈ ಸೀಮೆಯ ಒಬ್ಬ ಸ್ಥಳೀಯ ಯಜಮಾನ, ಜೊತೆಗೆ ಗಿಮ್ಯೋ ಎಂಬ ಭಿಕ್ಷು. ಈಗಿರುವ ಮಂಟಪ 1107ರದ್ದು. 1157ರಲ್ಲಿ ಅದನ್ನು ಈ ಪಶ್ಚಿಮದ ದಡಕ್ಕೆ ಸರಿಸಿದರು. (ವಿಗ್ರಹಗಳು 1047ರವೋ 1107ರವೋ ಎಂಬುದರಲ್ಲಿ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.) ಎದುರಿನ ಗೋಪುರದ್ದು ಇನ್ನೂ ತಮಾಷೆ. ಅದು ಇಲ್ಲಿಯದೇ ಅಲ್ಲ, 1178ರಲ್ಲಿ ಕ್ಯೋತೋದ ಇಚಿಜೋ ಓಮಿಯಾ ಎಂಬಲ್ಲಿಂದ ತಂದು ನಿಲ್ಲಿಸಿದ್ದು. ಗೋಪುರದ ನಡುಗಂಬ ನೆಲಕ್ಕೆ ಇಳಿದಿಲ್ಲ, ಮೊದಲ ಅಂತಸ್ತಿನ ಚಾವಣಿಯ ಮೇಲಿಂದ ಶುರುವಾಗುತ್ತದೆ. ಪೇಟೆಯಲ್ಲೇ ಉಳಿದಿದ್ದರೆ ಮುನ್ನೂರು ವರ್ಷದೊಳಗೆ ಉರಿದುಹೋಗುತ್ತಿತ್ತೇನೋ. ಹಳ್ಳಿಗೆ ಬಂದು ಬದುಕಿಕೊಂಡಿತು.

ಹಾಗಂತ ಈ ಹಳ್ಳಿ ಲೋಕದಿಂದ ದೂರ ಇತ್ತು ಅಂದುಕೊಳ್ಳಬೇಡಿ. ಗೋಪುರ ಬಂದ ಎರಡೇ ವರ್ಷಕ್ಕೆ, 1180ರ ಚಳಿಗಾಲದಲ್ಲಿ, ತಾಯಿರಾ ನೊ ಶಿಗೆಹಿರಾ ಎಂಬ ಸೇನಾಪತಿ ನಾರಾಕ್ಕೆ ಬೆಂಕಿ ಇಟ್ಟ. ತೋದಾಯ್‌ಜಿಯ ಮಹಾಬುದ್ಧನ ಮಂಟಪ, ಕೋಫುಕುಜಿ, ಎಲ್ಲ ಸುಟ್ಟವು. ಇಲ್ಲಿಂದ ಅದು ಹತ್ತು ಕಿಲೋಮೀಟರೂ ಇಲ್ಲ. ಆವತ್ತು ರಾತ್ರಿ ಈ ಗುಡ್ಡದ ಮೇಲಿದ್ದವರಿಗೆ ಆ ಕಡೆಯ ಆಕಾಶ ಕೆಂಪಾಗಿ ಕಂಡಿರಲೇಬೇಕು. ಐದು ವರ್ಷದ ಮೇಲೆ ಸೋತು ಸೆರೆಸಿಕ್ಕ ಶಿಗೆಹಿರಾನನ್ನು ನಾರಾದ ಭಿಕ್ಷುಗಳು ಕೇಳಿ ತರಿಸಿಕೊಂಡರು. ಇಲ್ಲೇ ಕೆಳಗೆ ಹರಿಯುವ ಕಿಜು ನದಿಯ ದಂಡೆಯಲ್ಲಿ ಅವನ ತಲೆ ಕಡಿದರು. ಬುದ್ಧನ ಕರುಣೆ, ಒಂಬತ್ತು ದರ್ಜೆ, ಪಾಪಿಗೂ ಜಾಗ ಎಂದೆಲ್ಲ ಓದಿ ಬಂದವನಿಗೆ ಈ ಕಥೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮಂಟಪದೊಳಗೆ ಮಧ್ಯದ ಅಮಿಡಾನ ಪಕ್ಕದಲ್ಲಿ ಒಂದು ಮರದ ಗೂಡು. ಅದರ ಬಾಗಿಲು ತೆರೆಯುವುದು ವರ್ಷದಲ್ಲಿ ಮೂರು ಸಲ ಮಾತ್ರ: ಜನವರಿಯ ಮೊದಲ ಹದಿನೈದು ದಿನ, ವಸಂತದಲ್ಲಿ ಎರಡು ತಿಂಗಳು, ಶರತ್ಕಾಲದಲ್ಲಿ ಎರಡು ತಿಂಗಳು. ಗೋಪುರದಲ್ಲಿ ಕೈಕೊಟ್ಟ ಅದೃಷ್ಟ ಇಲ್ಲಿ ಒದಗಿತು. ಒಳಗೆ ತೊಂಬತ್ತು ಸೆಂಟಿಮೀಟರ್ ಎತ್ತರದ ಹೆಣ್ಣು ದೇವತೆ. ಬೆಳ್ಳನೆ ದುಂಡು ಮುಖ, ಪುಟ್ಟ ಕೆಂಪು ತುಟಿ, ಚೀನಾದ ತಾಂಗ್ ಕಾಲದ ರಾಣಿಯ ಉಡುಪು, ಬಟ್ಟೆಯ ಮೇಲಿನ ಹೂಬಳ್ಳಿಯ ಬಣ್ಣ ನಿನ್ನೆ ಬಳಿದಂತಿದೆ. 1212ರಲ್ಲಿ ಇಟ್ಟದ್ದು. ಮುಚ್ಚಿದ ಗೂಡಿನಲ್ಲೇ ಇದ್ದುದರಿಂದ ಎಂಟುನೂರು ವರ್ಷ ಕಳೆದರೂ ಬಣ್ಣ ಮಾಸಿಲ್ಲ. ಬಲಗೈ ವರದ ಮುದ್ರೆ, ಎಡಗೈಯಲ್ಲಿ ಚಿಂತಾಮಣಿ. ಹೆಸರು ಕಿಚಿಜೋತೆನ್.

ಟಿಕೆಟ್ ಕೊಟ್ಟ ಅಮ್ಮ ನಾನು ಎಲ್ಲಿಯವನು ಅಂತ ಕೇಳಿದ್ದರು. "ಇಂದೋ" ಅಂದಿದ್ದೆ (ಜಪಾನಿಯಲ್ಲಿ ಭಾರತಕ್ಕೆ ಹಾಗೇ ಹೇಳುವುದು). "ಹಾಗಾದರೆ ಒಳಗೆ ನಿಮ್ಮ ಊರಿನವರೇ ಒಬ್ಬರು ಇದ್ದಾರೆ, ನೋಡಿಕೊಂಡು ಬನ್ನಿ" ಅಂದಿದ್ದರು. ನಾನು ಬುದ್ಧನ ವಿಷಯ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಲಕ್ಷ್ಮಿಯ ಬಗ್ಗೆ!

ಹೌದು, ಕಿಚಿಜೋತೆನ್ ಅಂದರೆ ಶ್ರೀದೇವಿ. ಸುವರ್ಣಪ್ರಭಾಸ ಎಂಬ ಬೌದ್ಧ ಸೂತ್ರದಲ್ಲಿ ಅವಳದ್ದೇ ಒಂದು ಅಧ್ಯಾಯವಿದೆ. ಆ ಸೂತ್ರದ ಜೊತೆ ಚೀನಾಕ್ಕೆ, ಅಲ್ಲಿಂದ ಜಪಾನಿಗೆ ಬಂದಳು. ಎಂಟನೆಯ ಶತಮಾನದಲ್ಲಿ ಒಳ್ಳೆಯ ಬೆಳೆಗಾಗಿ ಅವಳೆದುರು ಸರ್ಕಾರದ ವತಿಯಿಂದಲೇ ಪೂಜೆ ನಡೆಯುತ್ತಿತ್ತು. ಒಂದು ವ್ಯತ್ಯಾಸ ಮಾತ್ರ ಇದೆ: ಇಲ್ಲಿ ಅವಳ ಗಂಡ ವಿಷ್ಣು ಅಲ್ಲ, ಬಿಶಾಮೊನ್‌ತೆನ್, ಅಂದರೆ ವೈಶ್ರವಣ, ನಮ್ಮ ಕುಬೇರ. ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಇದೂ ಸರಿಯಾದ ಜೋಡಿಯೇ :-)

ಗೂಡಿನ ಬಾಗಿಲು ಮತ್ತು ಹಿಂಬದಿಯ ಹಲಗೆಗಳಲ್ಲಿ ಇನ್ನಷ್ಟು ನೆಂಟರ ಚಿತ್ರಗಳಿವೆ. ಬೊನ್‌ತೆನ್ ಅಂದರೆ ಬ್ರಹ್ಮ, ತಾಯ್‌ಶಾಕುತೆನ್ ಅಂದರೆ ಇಂದ್ರ, ಬೆನ್‌ಝಾಯ್‌ತೆನ್ ಅಂದರೆ ಸರಸ್ವತಿ, ಜೊತೆಗೆ ನಾಲ್ಕು ದಿಕ್ಕಿನ ರಾಜರು. ಬಗ್ಗಿ ಬಗ್ಗಿ ನೋಡಿದೆ. ಆದರೆ ಅಲ್ಲಿರುವುದು ನಕಲು. ಮೂಲ ಫಲಕಗಳು ಟೋಕಿಯೋದ ಕಲಾ ವಿಶ್ವವಿದ್ಯಾಲಯದಲ್ಲಿವೆ.

ಯಾಕೆ ಅಲ್ಲಿಗೆ ಹೋದವು? ಇಲ್ಲಿಂದ ಕಥೆ ಕಹಿಯಾಗುತ್ತದೆ. ಯುದ್ಧಕ್ಕೆ ಸಿಗದ ಈ ಗುಡಿ ಸಿಕ್ಕಿಬಿದ್ದದ್ದು ಕಾನೂನಿನ ಕೈಗೆ. ಜಪಾನಿನಲ್ಲಿ ಬುದ್ಧರೂ ಶಿಂತೋ ದೇವರುಗಳೂ ಸಾವಿರ ವರ್ಷ ಒಂದೇ ಅಂಗಳದಲ್ಲಿ ಇದ್ದವರು. 1868ರಲ್ಲಿ ಮೇಜಿ ಸರ್ಕಾರ ಬಂದ ಕೂಡಲೇ ಇಬ್ಬರನ್ನೂ ಬೇರೆ ಮಾಡಿ ಅಂತ ಆಜ್ಞೆ ಹೊರಡಿಸಿತು. ಬೇರೆ ಮಾಡಿ ಅಂದದ್ದನ್ನು ಜನ ಒಡೆದು ಹಾಕಿ ಅಂತ ಅರ್ಥ ಮಾಡಿಕೊಂಡರು. ವಿಗ್ರಹಗಳನ್ನು ಸುಟ್ಟರು, ಸೂತ್ರಗಳನ್ನು ರದ್ದಿಗೆ ಹಾಕಿದರು. 1871ರಲ್ಲಿ ಗುಡಿಗಳ ಜಮೀನನ್ನು ಸರ್ಕಾರ ವಶಪಡಿಸಿಕೊಂಡಿತು. ಜೋರುರಿಜಿ ಶತಮಾನಗಳ ಕಾಲ ನಾರಾದ ಕೋಫುಕುಜಿಯ ಆಶ್ರಯದಲ್ಲಿತ್ತು. ಆ ಕೋಫುಕುಜಿಯ ಭಿಕ್ಷುಗಳೇ ಕಾವಿ ಕಳಚಿ ಶಿಂತೋ ಪೂಜಾರಿಗಳಾದರು. ಅದರ ಐದಂತಸ್ತಿನ ಗೋಪುರ ಜುಜುಬಿ ಬೆಲೆಗೆ ಮಾರಾಟಕ್ಕಿತ್ತು ಅಂತ ಕಥೆಯೇ ಇದೆ. ದೊಡ್ಡಮನೆಯೇ ಹೀಗಾದ ಮೇಲೆ ಆಶ್ರಿತರ ಪಾಡು ಕೇಳಬೇಕೆ. ಇಲ್ಲಿಂದ ಲಕ್ಷ್ಮಿಯ ಗೂಡಿನ ಹಲಗೆಗಳು ಹೋದವು. ಯಾಕುಶಿಯ ಹನ್ನೆರಡು ಅಂಗರಕ್ಷಕರ ವಿಗ್ರಹಗಳು ಹೋದವು. ಅವುಗಳಲ್ಲಿ ಐದು ಈಗ ಟೋಕಿಯೋ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ, ಏಳು ಸೆಯ್‌ಕಾದೋ ಎಂಬ ಖಾಸಗಿ ಸಂಗ್ರಹದಲ್ಲಿ. 2017ರಲ್ಲಿ ಟೋಕಿಯೋದಲ್ಲಿ ಒಂದು ಪ್ರದರ್ಶನಕ್ಕಾಗಿ ಹನ್ನೆರಡೂ ಒಟ್ಟಿಗೆ ನಿಂತಾಗ 42 ವರ್ಷದ ಮೇಲೆ ಅಣ್ಣತಮ್ಮಂದಿರು ಸೇರಿದ ಹಾಗಾಯಿತು. ಪ್ರದರ್ಶನ ಮುಗಿಯಿತು, ಮತ್ತೆ ಬೇರೆ ಬೇರೆ.

ನಾಲ್ಕು ದಿಕ್ಕಿನ ರಾಜರ ವಿಗ್ರಹಗಳಲ್ಲಿ ಎರಡು ಮಾತ್ರ ಇಲ್ಲಿ ಕಾವಲಿಗಿವೆ. ಉತ್ತರದವನು ಕ್ಯೋತೋ ಮ್ಯೂಸಿಯಮ್ಮಿನಲ್ಲಿ, ಪಶ್ಚಿಮದವನು ಟೋಕಿಯೋದಲ್ಲಿ. ಇವು ಮಾರಿದ್ದಲ್ಲ, ಒಪ್ಪಿಸಿಟ್ಟದ್ದು, ಒಡೆತನ ಇವತ್ತಿಗೂ ಗುಡಿಯದ್ದೇ. ಇದನ್ನು ಓದುವಾಗ ನನಗೆ ಧಡಕ್ಕನೆ ನೆನಪಾಯಿತು. ಆ ಪಶ್ಚಿಮದ ರಾಜನನ್ನು ನಾನು ಟೋಕಿಯೋದಲ್ಲಿ ಹಿಂದೆಯೇ ನೋಡಿದ್ದೆ! ಗಾಜಿನ ಹಿಂದೆ, ಒಳ್ಳೆ ಬೆಳಕಿನಲ್ಲಿ, ಕೈಯಲ್ಲಿ ಲೇಖನಿ ಹಿಡಿದು ನಿಂತಿದ್ದ. ಎಷ್ಟು ಚೆನ್ನಾಗಿದೆ ಅಂದುಕೊಂಡು ಮುಂದಿನ ಕೋಣೆಗೆ ಹೋಗಿದ್ದೆ. ಇಲ್ಲಿ ಕತ್ತಲೆಯಲ್ಲಿ ಅವನ ಇಬ್ಬರು ಅಣ್ಣತಮ್ಮಂದಿರ ಎದುರು ಕೂತಾಗ ಅನ್ನಿಸಿದ್ದು ಬೇರೆಯೇ. ಮ್ಯೂಸಿಯಮ್ಮಿನಲ್ಲಿ ಬಣ್ಣ ಉಳಿಯುತ್ತದೆ, ಹುಳ ಹಿಡಿಯುವುದಿಲ್ಲ, ಸಾವಿರಾರು ಜನ ನೋಡುತ್ತಾರೆ, ಎಲ್ಲ ನಿಜ. ಆದರೆ ಅವನು ಪಶ್ಚಿಮ ಕಾಯುವವನು. ಅಲ್ಲಿ ಅವನು ಯಾವ ಪಶ್ಚಿಮವನ್ನು ಕಾಯುತ್ತಿದ್ದಾನೆ?

ಅದೇ ಮ್ಯೂಸಿಯಮ್ಮುಗಳ, ತಜ್ಞರ ನೆರವಿಲ್ಲದೆ ಈ ಒಂಬತ್ತು ವಿಗ್ರಹಗಳು ಉಳಿಯುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. 2018ರಿಂದ ಐದು ವರ್ಷ, ಒಂದೆರಡರಂತೆ ಕೆಳಗಿಳಿಸಿ, ಏಳುತ್ತಿದ್ದ ಚಿನ್ನದ ಪದರ ಅಂಟಿಸಿ, ದೂಳು ತೆಗೆದು ರಿಪೇರಿ ಮಾಡಿದರು. ಇದರ ಹಿಂದಿನ ದೊಡ್ಡ ರಿಪೇರಿ ಆಗಿದ್ದು ನೂರು ವರ್ಷಕ್ಕೂ ಹಿಂದೆ, ಮೇಜಿ ಕಾಲದಲ್ಲೇ. ಅಂದರೆ ಒಡೆಸಿದ ಸರ್ಕಾರವೇ ಮುಂದೆ ಬುದ್ಧಿ ಬಂದು ಹಳೆಯ ಗುಡಿಗಳನ್ನು ಕಾಪಾಡುವ ಕಾನೂನನ್ನೂ ಮಾಡಿತು.

ಹೊರಗೆ ಬಂದು ಗುಡ್ಡದ ಕಾಲುದಾರಿ ಹಿಡಿದೆ. ಇನ್ನೊಂದು ಹಳ್ಳಿಗುಡಿ ಗಾನ್‌ಸೆನ್‌ಜಿಗೆ ಹೋಗುವ ದಾರಿ ಅದು. ದಾರಿಯುದ್ದಕ್ಕೂ ಬಂಡೆಗಳ ಮೇಲೆ ಬುದ್ಧರು. ಇವುಗಳಲ್ಲಿ ಹೆಸರಾದದ್ದು 'ನಗುವ ಬುದ್ಧ', 1299ರಲ್ಲಿ ಕೆತ್ತಿದ ಅಮಿಡಾ ಮತ್ತು ಇಬ್ಬರು ಬೋಧಿಸತ್ವರು. ಮೇಲೆ ಸೂರಿನಂತೆ ಚಾಚಿದ ಕಲ್ಲಿರುವುದರಿಂದ ಮಳೆ ಬಿದ್ದು ಸವೆದಿಲ್ಲ, ಮೂವರ ಮುಖದ ನಗು ಹಾಗೇ ಇದೆ. ಕೆತ್ತಿದವನು ಇ ಸುಯೆಯುಕಿ. ಇವನ ವಂಶದ ಮೂಲಪುರುಷ ಇ ಗ್ಯೋಮತ್ಸು ಚೀನಾದ ಸೋಂಗ್ ರಾಜ್ಯದಿಂದ ಬಂದ ಕಲ್ಲುಕುಟಿಗ. ಬಂದದ್ದು ಯಾಕೆ? ಶಿಗೆಹಿರಾ ಸುಟ್ಟ ತೋದಾಯ್‌ಜಿಯನ್ನು ಮತ್ತೆ ಕಟ್ಟಲು! ಆ ಕೆಲಸ ಮುಗಿದ ಮೇಲೂ ಆ ಮನೆತನದವರು ಇಲ್ಲೇ ಉಳಿದರು, ಸುತ್ತಲಿನ ಗುಡ್ಡಗಳಲ್ಲಿ ಬಂಡೆ ಹುಡುಕಿ ಉಳಿ ಹಿಡಿದರು. ಆ ಬೆಂಕಿ ಬೀಳದಿದ್ದರೆ ಈ ನಗು ಇರುತ್ತಿರಲಿಲ್ಲ. ಸಮಾಧಾನ ಅಂತ ಹೇಳುತ್ತಿಲ್ಲ, ಆದದ್ದು ಹೀಗೆ.

ದಾರಿಯಲ್ಲಿ ಅಲ್ಲಲ್ಲಿ ಯಾರೂ ಕೂರದ ಅಂಗಡಿಗಳು. ಒಂದು ಬಿದಿರಿನ ಗಳು, ಅದಕ್ಕೆ ನೇತುಹಾಕಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮೂಲಂಗಿ, ಉಪ್ಪಿನಕಾಯಿ, ಒಣಗಿಸಿದ ಅಣಬೆ. ನೂರು ಯೆನ್ ಡಬ್ಬಿಗೆ ಹಾಕಿ ಚೀಲ ತೆಗೆದುಕೊಂಡು ಹೋಗುವುದು. ಮೊದಲು ನೋಡಿದಾಗ ಎಂಥ ಪ್ರಾಮಾಣಿಕ ಜನ ಅಂತ ಖುಷಿಯಾಗಿತ್ತು. ನಾಲ್ಕನೆಯ ಅಂಗಡಿ ದಾಟುವಾಗ ಇನ್ನೊಂದು ಕಾರಣವೂ ಹೊಳೆಯಿತು: ಕೂರಲು ಜನ ಬೇಕಲ್ಲ? ಬಾಗಿಲು ಹಾಕಿದ ಮನೆಗಳು ಸಾಕಷ್ಟು ಕಂಡವು. ಕಂಡ ಮನುಷ್ಯರಲ್ಲಿ ಎಪ್ಪತ್ತು ದಾಟದವನು ನಾನೊಬ್ಬನೇ. ಜಪಾನಿನಲ್ಲಿ 75 ಸಾವಿರಕ್ಕೂ ಹೆಚ್ಚು ಬೌದ್ಧ ಗುಡಿಗಳಿವೆ. ಹದಿನೇಳನೆಯ ಶತಮಾನದಲ್ಲಿ ತೊಕುಗಾವಾ ಸರ್ಕಾರ, ಯಾರೂ ಕ್ರೈಸ್ತರಲ್ಲ ಎಂದು ಖಾತ್ರಿ ಮಾಡಿಕೊಳ್ಳಲು, ಪ್ರತಿ ಮನೆಯನ್ನೂ ಒಂದೊಂದು ಗುಡಿಯ ಪಟ್ಟಿಗೆ ಸೇರಿಸಿತು. ಆ ಮನೆಗಳ ಶ್ರಾದ್ಧ, ಗೋರಿಗಳ ಮೇಲೆಯೇ ಹಳ್ಳಿಗುಡಿಗಳು ಇಷ್ಟು ಕಾಲ ಬದುಕಿದ್ದು. ಮಕ್ಕಳು ಒಸಾಕಾ, ಟೋಕಿಯೋ ಸೇರಿದ ಮೇಲೆ ಮನೆಯೂ ಇಲ್ಲ, ಪಟ್ಟಿಯೂ ಇಲ್ಲ. ಭಿಕ್ಷುವಿಲ್ಲದೆ ಬೀಗ ಬಿದ್ದ ಗುಡಿಗಳು ಸಾವಿರಗಟ್ಟಲೆ. ಜೋರುರಿಜಿಯ ವಿಗ್ರಹಗಳು ರಾಷ್ಟ್ರದ ನಿಧಿ, ಅದಕ್ಕೆ ದುಡ್ಡು ಹೇಗೋ ಬರುತ್ತದೆ. ಅಂಥ ಹಣೆಪಟ್ಟಿ ಇಲ್ಲದ ಉಳಿದವಕ್ಕೆ? ಮೂಲೆಯಲ್ಲಿ ಇದ್ದುದರಿಂದಲೇ ಇದು ಯುದ್ಧದಿಂದ ಪಾರಾಯಿತು ಅಂತ ಇಷ್ಟು ಹೊತ್ತು ಬರೆದೆ. ಈಗ ಆ ಮೂಲೆಯೇ ಖಾಲಿಯಾಗುತ್ತಿದೆ.

ನಗುವ ಬುದ್ಧನ ಪಕ್ಕದಲ್ಲೇ ಇನ್ನೊಬ್ಬನಿದ್ದಾನೆ, ಗಮನಿಸದಿದ್ದರೆ ತುಳಿದುಕೊಂಡೇ ಹೋಗುತ್ತೀರಿ. ಜಿಜೋ, ಅಂದರೆ ಕ್ಷಿತಿಗರ್ಭ ಬೋಧಿಸತ್ವ. ಎಂದೋ ಮಣ್ಣಿನಲ್ಲಿ ಹೂತು ಹೋಗಿ ಈಗ ಮೇಲಿನ ಭಾಗ ಮಾತ್ರ ಕಾಣುತ್ತದೆ. ಊರಿನವರು ಅವನನ್ನು ಎಬ್ಬಿಸಿ ನಿಲ್ಲಿಸುವ ಗೋಜಿಗೆ ಹೋಗಿಲ್ಲ, 'ಮಲಗಿರುವ ಬುದ್ಧ' ಅಂತ ಹೆಸರಿಟ್ಟು ಬಿಟ್ಟಿದ್ದಾರೆ. ಅವನ ಎದುರು ಯಾರೋ ಬೆಳಿಗ್ಗೆ ತಂದಿಟ್ಟ ಹೂ ಇನ್ನೂ ಬಾಡಿರಲಿಲ್ಲ. ನಾನು ಒಂದು ಚೀಲ ಮೂಲಂಗಿ ಉಪ್ಪಿನಕಾಯಿ ತೆಗೆದುಕೊಂಡೆ. ಡಬ್ಬಿಯಲ್ಲಿ ಬಿದ್ದ ನಾಣ್ಯದ ಸದ್ದು ಬೇಕಿದ್ದಕ್ಕಿಂತ ಜೋರಾಗಿ ಕೇಳಿಸಿತು. ಕೆಳಗೆ ರಸ್ತೆಯಲ್ಲಿ ಬಸ್ಸು ಆಗಲೇ ಹೊರಟಿತ್ತು. ಮುಂದಿನದಕ್ಕೆ ಇನ್ನೂ ಒಂದು ಗಂಟೆ.